ಬಿಸಿಯೂಟದ ಹೊತ್ತಿಗೆ ಒಬ್ಬರು ಬೇಕು

ಸಂಪಾದಕರಿಗೆ ನಮಸ್ಕಾರ,

ವಿಶೇಷ ಮಕ್ಕಳನ್ನ ಮಾಮೂಲಿ ಶಾಲೆಗೇ ಸೇರಿಸ್ಕೋಬೇಕು ಅಂದಾಗೆಲ್ಲ ರ‍್ಯಾಂಪು, ವೀಲ್‌ಚೇರು, ಬ್ರೈಲ್ ಪುಸ್ತಕದ ಮಾತೇ ಬರುತ್ತೆ. ಅವು ಬೇಡ ಅಂತಲ್ಲ, ಆದ್ರೆ ನನ್ನ ಮೂರನೇ ಕ್ಲಾಸಲ್ಲಿರೋ ಒಬ್ಬ ಹುಡುಗನಿಗೆ ಕಷ್ಟ ಶುರುವಾಗೋದು ಅಡುಗೆಮನೆಯಿಂದ ಒಗ್ಗರಣೆ ವಾಸನೆ ಬಂದಾಗ.

ಅವನಿಗಿರೋದು ಪ್ರೇಡರ್ ವಿಲ್ಲಿ ಸಿಂಡ್ರೋಮ್. ಅಪ್ಪನ ಕಡೆಯಿಂದ ಬರೋ 15ನೇ ಕ್ರೋಮೋಸೋಮಿನ ಕೆಲವು ಜೀನ್‌ಗಳು ಕೆಲಸ ಮಾಡದೇ ಇದ್ರೆ ಹೀಗಾಗುತ್ತೆ, ಯಾರ ತಪ್ಪೂ ಅಲ್ಲ. ಹುಟ್ಟಿದಾಗ ಹಾಲು ಚೀಪೋಕೂ ಶಕ್ತಿ ಇರಲ್ಲ, ಕೆಲವು ವರ್ಷ ಆದ್ಮೇಲೆ ಉಲ್ಟಾ, ಎಷ್ಟು ತಿಂದ್ರೂ ಹೊಟ್ಟೆ ತುಂಬ್ತು ಅಂತ ಮೆದುಳಿಗೆ ಗೊತ್ತೇ ಆಗಲ್ಲ. ಸ್ನಾಯುಗಳು ಸಡಿಲ ಇರೋದ್ರಿಂದ ಮೈಗೆ ಬೇಕಾದ ಊಟ ಮಾತ್ರ ಬೇರೆ ಮಕ್ಕಳಿಗಿಂತ ಕಮ್ಮಿ.

ನಮ್ಮ ಅಡುಗೆ ಅಮ್ಮ ತುಂಬ ಒಳ್ಳೆಯವರು, ಅದೇ ತೊಂದ್ರೆ. 'ಮಗು ಇನ್ನೂ ಹಸಿವು ಅಂತಿದೆ, ಬಡಿಸದೆ ಇರೋದು ಹೆಂಗೆ ಮಿಸ್' ಅಂತ ಇನ್ನೊಂದು ಸೌಟು ಅನ್ನ ಹಾಕೇ ಬಿಡ್ತಿದ್ರು, ಅಷ್ಟರಲ್ಲಿ ಇವನ ಕಣ್ಣು ಪಕ್ಕದವನ ತಟ್ಟೆಯ ಮೊಟ್ಟೆ ಮೇಲೆ. ಈ ಮಕ್ಕಳಿಗೆ ವಾಂತಿ ಬರೋದು ಅಪರೂಪ, ನೋವೂ ಬೇಗ ಗೊತ್ತಾಗಲ್ಲ, ಮಿತಿಮೀರಿ ತಿಂದು ಜಠರವೇ ಒಡೆದು ಪ್ರಾಣ ಹೋಗಿರೋ ಕೇಸ್‌ಗಳಿವೆ ಅಂತ ಕೂರಿಸ್ಕೊಂಡು ಹೇಳಿದ ಮೇಲೆ ಅವರೇ ಈಗ ಅಳತೆ ಬಟ್ಟಲು ಇಟ್ಕೊಂಡಿದ್ದಾರೆ.

ಬೇರೆ ಮಕ್ಕಳ ತಿಂಡಿ ಡಬ್ಬಿ ಬೆಳಿಗ್ಗೆನೇ ಬೀರು ಸೇರುತ್ತೆ. ಬರ್ತ್‌ಡೇಗೆ ಚಾಕ್ಲೇಟ್ ಬದಲು ಪೆನ್ಸಿಲ್. (ಕೆಲವು ಪೇರೆಂಟ್ಸಿಗೆ ಸಿಟ್ಟು ಬಂತು, ಬರ್ಲಿ.) ಊಟ ಎಷ್ಟೊತ್ತಿಗೆ, ಎಷ್ಟು ಅಂತ ಬೋರ್ಡಲ್ಲಿ ಬರೆದಿರುತ್ತೆ, ಅದು ಯಾವತ್ತೂ ಬದಲಾಗಬಾರದು. ಎಕ್ಸ್‌ಟ್ರಾ ಸಿಗಬಹುದು ಅನ್ನೋ ಆಸೆ ಇದ್ರೆ ಅವನ ತಲೆಗೆ ಪಾಠ ಹೋಗಲ್ಲ. ಆ ಆಸೆ ತೆಗೆದ್ಮೇಲೆ ನೋಡ್ಬೇಕು ಅವನನ್ನ, ಜಿಗ್ಸಾ ಪಜಲ್ ನನಗಿಂತ ಬೇಗ ಜೋಡಿಸ್ತಾನೆ.

ಇಷ್ಟೂ ನಮ್ಮ ನಮ್ಮಲ್ಲೇ ಮಾತಾಡ್ಕೊಂಡು ಮಾಡ್ಕೊಂಡಿದ್ದು, ಯಾವ ಟ್ರೈನಿಂಗಲ್ಲೂ ಇದರ ಹೆಸರು ನಾನು ಕೇಳಿಲ್ಲ. ಬಿಐಇಆರ್‌ಟಿ ಟೀಚರ್ (ವಿಶೇಷ ಮಕ್ಕಳಿಗೆ ಅಂತ ಬ್ಲಾಕ್ ಮಟ್ಟದಲ್ಲಿರೋ ಸಂಪನ್ಮೂಲ ಶಿಕ್ಷಕರು) ಬರ್ತಾರೆ, ಪಾಪ, ಅವರಿಗೆ ಎಷ್ಟೋ ಶಾಲೆ. 2021ರಲ್ಲಿ ಸುಪ್ರೀಂ ಕೋರ್ಟ್ ಪ್ರೈಮರಿಯಲ್ಲಿ 10 ವಿಶೇಷ ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು ಅಂತ ಹೇಳಿದ್ದು ನಮ್ಮೂರಿಗೆ ಬಂದು ತಲುಪಿಲ್ಲ. ಗೃಹಾಧಾರಿತ ಶಿಕ್ಷಣದ ಲಿಸ್ಟಿಗೆ ಹಾಕ್ಬಿಡಿ, ರಿಸ್ಕ್ ಯಾಕೆ ಅಂತ ಸಲಹೆ ಕೊಡೋರೇ ಜಾಸ್ತಿ. ನಡೆದಾಡೋ, ಓದೋ ಹುಡುಗನನ್ನ ಮನೇಲಿ ಕೂರಿಸೋದು ಯಾಕೆ?

ಅಂಗವಿಕಲರ ಸರ್ಟಿಫಿಕೇಟಿನದ್ದು ಇನ್ನೊಂದು ಗೋಳು. 2016ರ ಅಂಗವಿಕಲರ ಹಕ್ಕು ಕಾಯ್ದೆಯ 21 ವಿಧಗಳಲ್ಲಿ ಈ ಸಿಂಡ್ರೋಮಿನ ಹೆಸರಿಲ್ಲ, ಹಾಗಾಗಿ ಬೌದ್ಧಿಕ ಅಸಾಮರ್ಥ್ಯದಡಿ ಅಳೀತಾರೆ. ಬುದ್ಧಿಮಟ್ಟ ಮಾಮೂಲಿಗಿಂತ ಸ್ವಲ್ಪವೇ ಕಮ್ಮಿ ಇದ್ರೆ ಅಂಗವೈಕಲ್ಯದ ಪ್ರಮಾಣ ಶೇ 40 ಮುಟ್ಟಲ್ಲ, ಅಷ್ಟು ಮುಟ್ಟದೇ ಇದ್ರೆ ಸೌಲಭ್ಯ ಇಲ್ಲ. ಹಸಿವನ್ನ ಅಳೆಯೋ ಕಾಲಮ್ಮೇ ಆ ಫಾರ್ಮಲ್ಲಿಲ್ಲ! ಅದೇ 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಲ್ಲಿ ಗ್ರೋತ್ ಹಾರ್ಮೋನ್ ಚಿಕಿತ್ಸೆಗೆ ಇದರ ಹೆಸರಿದೆ, ಅಂದ್ರೆ ಸರ್ಕಾರಕ್ಕೆ ಗೊತ್ತಿಲ್ಲ ಅನ್ನೋ ಹಾಗಿಲ್ಲ.

ಇಲಾಖೆಯವರು ಊಟದ ಹೊತ್ತಿಗೆ ಪಕ್ಕದಲ್ಲಿ ಕೂರೋಕೆ ಒಬ್ಬ ಸಹಾಯಕರನ್ನ ಕೊಡ್ಲಿ, ಅಡುಗೆಯವರ ಟ್ರೈನಿಂಗಲ್ಲಿ ಅರ್ಧ ಗಂಟೆ ಇದಕ್ಕೆ ಇಡ್ಲಿ, ಮಗುವಿನ ಫೈಲಲ್ಲಿ ಇದೆಲ್ಲ ಬರೆದಿಡೋದು ಕಡ್ಡಾಯ ಮಾಡ್ಲಿ. ಜೂನಲ್ಲಿ ನನಗೆ ಟ್ರಾನ್ಸ್‌ಫರ್ ಆದ್ರೆ ಹೊಸ ಟೀಚರ್‌ಗೆ ಹೇಳೋರು ಯಾರು?

ಇಂತಿ,
ಒಬ್ಬ ಸರ್ಕಾರಿ ಶಾಲಾ ಶಿಕ್ಷಕಿ, ತುಮಕೂರು ಜಿಲ್ಲೆ