ಮಗಳಿಗೊಂದು ಪತ್ರ: ವಸ್ತಿ ಬಸ್ಸಿನಿಂದ

ಪ್ರೀತಿಯ ಮಗಳೇ,

ಬಸ್ಸು ಊರ ಅಗಸಿ ಮುಂದೆ ನಿಂತಿದೆ. ಡ್ರೈವರ್ ಉಂಡು ಉದ್ದನೆಯ ಸೀಟಿನ ಮೇಲೆ ಮಲಗಿದ್ದಾರೆ. ಹೊರಗೆ ಜಿಟಿಜಿಟಿ ಮಳೆ. ದಿನದ ಲೆಕ್ಕ ಮುಗಿಸಿ, ಒಂದೇ ದೀಪ ಹಚ್ಚಿಕೊಂಡು ಕೂತಿದ್ದೇನೆ. ಈ ಊರಲ್ಲಿ ಫೋನು ಹಿಡಿಯುವುದಿಲ್ಲ. ಹಿಡಿದಿದ್ದರೂ ಇದನ್ನು ಫೋನಿನಲ್ಲಿ ಹೇಳುವುದು ನನ್ನಿಂದ ಆಗುತ್ತಿರಲಿಲ್ಲ. ನಾಳೆ ಮನೆಗೆ ಬಂದಾಗ ಕೊಡುತ್ತೇನೆ, ನಾಡಿದ್ದು ಧಾರವಾಡಕ್ಕೆ ಹೊರಡುವುದರೊಳಗೆ ಓದು.

ಹೋದ ಭಾನುವಾರದ್ದು ನನ್ನ ಮನಸ್ಸಿನಿಂದ ಹೋಗಿಲ್ಲ. ನನ್ನ ವಾರದ ರಜೆ ಅಂತ ಭಾನುವಾರವೇ ನಿನ್ನನ್ನು ಆ ಇಂಜಿನಿಯರಿಂಗ್ ಕಾಲೇಜಿಗೆ ಕರೆದುಕೊಂಡು ಹೋದೆ. ಕಾಲೇಜು ಖಾಲಿ. ಆಫೀಸಿನವರು ಎಸಿ ಹಾಕಿದ ಸಭಾಂಗಣ ತೋರಿಸಿದರು, ಕೆಲಸ ಸಿಕ್ಕ ಮಕ್ಕಳ ಫೋಟೋ ಇದ್ದ ದೊಡ್ಡ ಫ್ಲೆಕ್ಸ್ ತೋರಿಸಿದರು. ಲ್ಯಾಬಿಗೆ ಬೀಗ ಹಾಕಿತ್ತು, ಕಿಟಕಿಯಿಂದ ನೋಡಿದೆವು. ಅಷ್ಟು ಹೊತ್ತೂ ಮಾತಾಡಿದವನು ನಾನೊಬ್ಬನೇ. ಫೀ ಎಷ್ಟು, ಹಾಸ್ಟೆಲ್ ಎಷ್ಟು, ಕೆಲಸ ಗ್ಯಾರಂಟಿಯೇ? ನೀನು ಫೈಲು ಎದೆಗವಚಿಕೊಂಡು ನನ್ನ ಹಿಂದೆ ನಿಂತಿದ್ದೆ. ವಾಪಸ್ ಬರುವಾಗ ಹಾವೇರಿ ದಾಟಿದ ಮೇಲೆ ಮೆಲ್ಲಗೆ ಕೇಳಿದೆ: "ಅಪ್ಪಾ, ಕ್ಲಾಸು ಮುಗಿದ ಮೇಲೂ ಲ್ಯಾಬ್ ತೆಗೆದಿರ್ತಾರಾ ಅಂತ ಕೇಳಬೇಕಂತಿದ್ದೆ." ನನ್ನ ಎದೆಗೆ ಚುಚ್ಚಿದಂತಾಯಿತು. ನಾಲ್ಕು ವರ್ಷ ಓದುವವಳು ನೀನು, ಅಲ್ಲಿ ಕೇಳಬೇಕಾದ ಒಂದೇ ಒಂದು ಒಳ್ಳೆಯ ಪ್ರಶ್ನೆ ನಿನ್ನ ಹತ್ತಿರ ಇತ್ತು. ಅದಕ್ಕೆ ನಾನು ಜಾಗ ಬಿಡಲಿಲ್ಲ.

ಅದಕ್ಕೇ ಈ ಸಲ ಗುರುವಾರಕ್ಕೆ ರಜೆ ಹಾಕಿದ್ದೇನೆ. ಕ್ಲಾಸು ನಡೆಯುತ್ತದೆಯೋ ಇಲ್ಲವೋ ಅಂತ ಧಾರವಾಡದ ಕೃಷಿ ಕಾಲೇಜಿಗೆ ಮೊದಲೇ ಫೋನ್ ಮಾಡಿ ಕೇಳಿಕೊಂಡಿದ್ದೇನೆ. ನೀನು ಎಂಟನೆಯ ತರಗತಿಯಲ್ಲಿದ್ದಾಗ ಅಲ್ಲಿಯ ಕೃಷಿ ಮೇಳಕ್ಕೆ ಹೋಗಿದ್ದೆವಲ್ಲ, ಅವತ್ತು ನಾವು ನೋಡಿದ್ದು ಜಾತ್ರೆಯನ್ನು. ಕಾಲೇಜು ಕಾಣುವುದು ಯಾವ ವಿಶೇಷವೂ ಇಲ್ಲದ ದಿನ.

ಕೃಷಿ ಓದುತ್ತೇನೆ ಎಂದು ನೀನು ಹೇಳಿದಾಗ ನಿಮ್ಮ ದೊಡ್ಡಪ್ಪ "ಹೊಲ ಮಾಡೋಕೆ ಡಿಗ್ರಿ ಯಾಕೆ" ಎಂದರು. ಅವರಿಗೆ ಸಿಟ್ಟಾಗಬೇಡ. ನಿಮ್ಮಜ್ಜ ಬೆಳೆಯುತ್ತಿದ್ದ ಡಿಸಿಎಚ್ ಹತ್ತಿ ಅವರಿಗೆ ನೆನಪಿದೆ. ಆ ಹೆಸರಿನಲ್ಲೇ ಧಾರವಾಡ ಇದೆ ಎಂಬುದು ಗೊತ್ತಿಲ್ಲ, ಅಷ್ಟೇ. ಧಾರವಾಡ ಕಾಟನ್ ಹೈಬ್ರಿಡ್ ಎಂಬುದೇ ಡಿಸಿಎಚ್. ಅದಕ್ಕೂ ಮುಂಚೆ, 1972ರಲ್ಲಿ, ವರಲಕ್ಷ್ಮಿ ಹತ್ತಿ ಬಂದದ್ದೂ ಧಾರವಾಡದಿಂದಲೇ. ನಿಮ್ಮಜ್ಜಿ ಬೆಳಗಾದರೆ ಹತ್ತಿ ಕ್ರಾಸಿಂಗ್ ಕೂಲಿಗೆ ಹೋಗಿ, ಹೂವಿಗೆ ಹೂವು ಮುಟ್ಟಿಸಿ ಬರುತ್ತಿದ್ದಳಲ್ಲ, ಅದರ ಹಿಂದಿನ ವಿದ್ಯೆಯನ್ನು ಯಾರೋ ಧಾರವಾಡದಲ್ಲಿ ಕೂತು ಕಟ್ಟಿದ್ದರು. ಅಲ್ಲಿಯ ಕೃಷಿ ಕಾಲೇಜು 1947ರಲ್ಲಿ ಶುರುವಾಯಿತು, ಕೃಷಿ ವಿಶ್ವವಿದ್ಯಾಲಯ 1986ರಲ್ಲಿ ಬೆಂಗಳೂರಿನದ್ದರಿಂದ ಬೇರೆಯಾಯಿತು. ನಾಡಿದ್ದು ಯಾರಾದರೂ ಸಿಕ್ಕರೆ ಹತ್ತಿಯ ತಾಕು ಎಲ್ಲಿದೆ ಅಂತ ಕೇಳು. ನನಗೂ ನೋಡಬೇಕೆಂದಿದೆ.

ನಾನು ಕಾಲೇಜು ಮೆಟ್ಟಿಲು ಹತ್ತಿದವನಲ್ಲ. ಆದರೆ 19 ವರ್ಷದಿಂದ ಕಂಡಕ್ಟರ್ ಆಗಿ ಕಾಲೇಜು ಸ್ಟಾಪಿನಲ್ಲಿ ಮಕ್ಕಳನ್ನು ಇಳಿಸಿದ್ದೇನೆ, ಹತ್ತಿಸಿಕೊಂಡಿದ್ದೇನೆ. ಕಾಲೇಜು ಹೇಗಿದೆ ಅಂತ ಸಂಜೆ ಐದೂವರೆಯ ಬಸ್ಸು ಹೇಳುತ್ತದೆ. ಕೆಲವು ಸ್ಟಾಪಿನಲ್ಲಿ ಹತ್ತುವ ಮಕ್ಕಳು ಕಿಟಕಿಗೆ ತಲೆ ಕೊಟ್ಟು ಕೂತುಬಿಡುತ್ತಾರೆ. ಇನ್ನು ಕೆಲವು ಸ್ಟಾಪಿನವರು ನಿಂತುಕೊಂಡೇ ಇನ್ನೂ ಜಗಳಾಡುತ್ತಿರುತ್ತಾರೆ, ಆ ಲೆಕ್ಕ ಹಾಗಲ್ಲ ಹೀಗೆ ಅಂತ. ಒಂದು ಸಲ ಕೃಷಿ ಓದುವ ಹುಡುಗಿಯೊಬ್ಬಳು ಹುಳ ಹಿಡಿಯುವ ಬಲೆ, ರಟ್ಟಿನ ಡಬ್ಬಿ ಹಿಡಿದು ಹತ್ತಿದಳು. ಡಬ್ಬಿಯಲ್ಲಿ ಏನಮ್ಮಾ ಎಂದದ್ದಕ್ಕೆ ಟಿಕೆಟ್ ಕೊಡುವಷ್ಟರಲ್ಲಿ ನಾಲ್ಕು ಕೀಟದ ಹೆಸರು ಹೇಳಿ, ಯಾವುದು ಬೆಳೆ ತಿನ್ನುತ್ತದೆ, ಯಾವುದು ಬೆಳೆ ತಿನ್ನುವುದನ್ನು ತಿನ್ನುತ್ತದೆ ಎಂದು ತೋರಿಸಿದಳು. ಕೊನೆಯ ವರ್ಷ ಈ ಮಕ್ಕಳನ್ನು ಹಳ್ಳಿಗೆ ಕಳಿಸುತ್ತಾರೆ, ರೈತರ ಜೊತೆ ಇದ್ದು ಕಲಿಯಲು. ಇದೇ ವಸ್ತಿ ಬಸ್ಸಿನಲ್ಲಿ ಅವರ ಗಂಟುಮೂಟೆ ಇಳಿಸಿದ್ದೇನೆ. ಆಗೆಲ್ಲ ನಿನ್ನ ನೆನಪಾಗುತ್ತಿತ್ತು.

ಆದ್ದರಿಂದ ಗುರುವಾರ ಹೀಗೆ ಮಾಡೋಣ. ನಸುಕಿನ ಐದರ ಬಸ್ಸಿಗೆ ಹೊರಟರೆ ಬೆಳಗಿನ ಹೊತ್ತಿಗೆ ಹೊಲದಲ್ಲಿ ಪ್ರಾಕ್ಟಿಕಲ್ ಇದ್ದರೆ ಸಿಗಬಹುದು. ಗೇಟಿನಲ್ಲಿ ಹೆಸರು ನೀನೇ ಬರೆಸು, ಆಫೀಸಿನಲ್ಲಿ ನೀನೇ ಮಾತಾಡು. ಒಂದು ಗಂಟೆ ನಾನು ಕ್ಯಾಂಟೀನಿನಲ್ಲಿ ಕೂರುತ್ತೇನೆ, ನೀನೊಬ್ಬಳೇ ಓಡಾಡಿ ಬಾ. ಅಪ್ಪ ಪಕ್ಕದಲ್ಲಿದ್ದರೆ ಹುಡುಗಿಯರು ನಿನ್ನ ಹತ್ತಿರ ಮನಸ್ಸು ಬಿಚ್ಚಿ ಮಾತಾಡುವುದಿಲ್ಲ. ಎರಡನೆಯ, ಮೂರನೆಯ ವರ್ಷದವರನ್ನು ಹಿಡಿ. ಅವರಲ್ಲೂ ಹತ್ತನೆಯವರೆಗೆ ನಿನ್ನಂತೆ ಕನ್ನಡ ಮಾಧ್ಯಮದಲ್ಲಿ ಓದಿದವರು ಇದ್ದೇ ಇರುತ್ತಾರೆ. ಮೊದಲ ಸೆಮಿಸ್ಟರ್ ಹೇಗೆ ದಾಟಿದಿರಿ, ಯಾವ ವಿಷಯಕ್ಕೆ ಅತ್ತಿರಿ, ಆಗ ಯಾವ ಮೇಷ್ಟ್ರು ಕೂರಿಸಿಕೊಂಡು ಹೇಳಿಕೊಟ್ಟರು ಎಂದು ಕೇಳು. ಪಿಯುಸಿ ಮೊದಲ ತಿಂಗಳು ನೀನು ಫಿಸಿಕ್ಸ್ ಪುಸ್ತಕ ಮುಚ್ಚಿಟ್ಟು ಮಲಗುತ್ತಿದ್ದೆಯಲ್ಲ, ಅದು ನನಗೆ ಗೊತ್ತಿತ್ತು ಮಗಳೇ. ಗೊತ್ತಿದ್ದೂ ಏನು ಮಾಡಬೇಕೆಂದು ತಿಳಿಯಲಿಲ್ಲ.

ನೋಟಿಸ್ ಬೋರ್ಡ್ ಓದು. ಹೋದ ವರ್ಷದ ಕಾಗದ ಹಾಗೇ ಅಂಟಿಕೊಂಡಿದೆಯೋ, ಈ ವಾರದ್ದು ಇದೆಯೋ ನೋಡು. ಮೈಕ್ರೋಸ್ಕೋಪಿನ ಕವರಿನ ಮೇಲೆ ಧೂಳಿದ್ದರೆ ಅದನ್ನೂ ಬರೆದುಕೋ. ಮಧ್ಯಾಹ್ನ ಮೆಸ್ಸಿನಲ್ಲಿ ಬಿಟ್ಟರೆ ಅಲ್ಲೇ ಉಣ್ಣೋಣ. ಹಾಸ್ಟೆಲ್ಲಿನ ಒಳಗೆ ನನ್ನನ್ನು ಬಿಡುವುದಿಲ್ಲ, ಬಿಡಲೂಬಾರದು. ನೀರು ಎಷ್ಟು ಹೊತ್ತು ಬರುತ್ತದೆ, ಬಚ್ಚಲಿನ ಚಿಲಕ ಸರಿ ಇದೆಯೇ, ಜ್ವರ ಬಂದ ರಾತ್ರಿ ಯಾರನ್ನು ಎಬ್ಬಿಸಬೇಕು, ಇವೆಲ್ಲ ನಿಮ್ಮವ್ವ ಕೇಳಿಕೊಂಡು ಬಾ ಎಂದಿದ್ದಾಳೆ. ಲೈಬ್ರರಿಯಿಂದ ಹಾಸ್ಟೆಲ್ಲಿಗೆ ಹೋಗುವ ದಾರಿಯನ್ನು ಮಾತ್ರ ಇಬ್ಬರೂ ನಡೆದು ನೋಡೋಣ, ಕಂಬ ಕಂಬಕ್ಕೆ ದೀಪ ಇದೆಯೋ ಇಲ್ಲವೋ ಎಂದು.

ದುಡ್ಡಿನ ಮಾತು ನನಗೆ ಬಿಡು. ಫೀ, ಡಿಪಾಜಿಟ್, ಮೆಸ್ ಬಿಲ್ ಎಲ್ಲ ಒಂದು ಕಾಗದದಲ್ಲಿ ಬರೆಸಿಕೊಳ್ಳುತ್ತೇನೆ, ಸ್ಕಾಲರ್‌ಶಿಪ್ಪಿಗೆ ಸರ್ಕಾರದ ಎಸ್‌ಎಸ್‌ಪಿ ವೆಬ್‌ಸೈಟಿನಲ್ಲಿ ಯಾವಾಗ ಹಾಕಬೇಕೆಂದು ವಿಚಾರಿಸುತ್ತೇನೆ. ಆ ಅಂಕಿ ನೋಡಿ ನೀನು ಆಸೆ ಕಡಿಮೆ ಮಾಡಿಕೊಳ್ಳಬೇಡ.

ಹೊತ್ತು ಉಳಿದರೆ ಧಾರವಾಡ-ಹುಬ್ಬಳ್ಳಿ ನಡುವೆ ಓಡುವ ಚಿಗರಿ ಬಸ್ ಹಿಡಿದು ಹುಬ್ಬಳ್ಳಿ ವಿದ್ಯಾನಗರದ ಬಿವಿಬಿ ಇಂಜಿನಿಯರಿಂಗ್ ಕಾಲೇಜನ್ನೂ, ಅಂದರೆ ಈಗಿನ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವನ್ನೂ ನೋಡಿ ಬರೋಣ. ಅದೂ 1947ರಲ್ಲೇ ಶುರುವಾದದ್ದು. ಕಂಪ್ಯೂಟರ್ ಬೇಡವೇ ಬೇಡ ಎಂದು ನೀನಿನ್ನೂ ಬಾಯಿಬಿಟ್ಟು ಹೇಳಿಲ್ಲ. ನೋಡದೆ ಬೇಡ ಎನ್ನುವುದಕ್ಕಿಂತ ನೋಡಿ ಬೇಡ ಎನ್ನುವುದು ನಿನಗೇ ಸಮಾಧಾನ.

ಇಷ್ಟು ಆತುರ ಯಾಕೆಂದರೆ ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜುಗಳನ್ನು ಕ್ರಮವಾಗಿ ಆನ್‌ಲೈನ್‌ನಲ್ಲಿ ತುಂಬುವ ದಿನ, ಹತ್ತಿರ ಬಂತು. ನಮ್ಮ ಡಿಪೋದ ಗೆಳೆಯರ ಮಗ ಹೋದ ವರ್ಷ ಸೈಬರ್‌ನಲ್ಲಿ ಕೂತು, ಯಾರೋ ಹೇಳಿದ ಹಾಗೆ ಕಾಲೇಜುಗಳನ್ನು ಮೇಲೆ ಕೆಳಗೆ ಹಾಕಿಬಿಟ್ಟ. ಸೀಟು ಹಂಚುವ ಪರೀಕ್ಷಾ ಪ್ರಾಧಿಕಾರದವರು ನಿನ್ನ ರ‍್ಯಾಂಕಿಗೆ ಪಟ್ಟಿಯ ಮೇಲಿನಿಂದ ನೋಡುತ್ತಾ ಬರುತ್ತಾರೆ, ಯಾವುದು ಮೊದಲು ಸಿಗುತ್ತದೋ ಅದೇ ನಿನ್ನದು. ಅದರ ಕೆಳಗಿರುವುದು ಆಮೇಲೆ ಎಷ್ಟು ಬೇಕೆಂದರೂ ಇಲ್ಲ. ನಿಜವಾದ ಹಂಚಿಕೆಗೆ ಮುಂಚೆ ಪರೀಕ್ಷಾರ್ಥವಾಗಿ ತೋರಿಸುವ ಅಣಕು ಹಂಚಿಕೆ ಬಂದಾಗ ಕ್ರಮ ಬದಲಾಯಿಸಲು ಒಂದು ಅವಕಾಶ ಇರುತ್ತದೆ. ಆದರೆ ಯಾವುದು ಮೇಲೆ, ಯಾವುದು ಕೆಳಗೆ ಎಂದು ಹೇಳಲು ನಿನ್ನ ಕಾಲು ಆ ನೆಲ ತುಳಿದಿರಬೇಕು.

ಸಂಜೆ ಐದೂವರೆಗೆ ಕಾಲೇಜು ಮಕ್ಕಳು ಹತ್ತುವ ಬಸ್ಸನ್ನೇ ಹತ್ತೋಣ. ನೀನು ಅವರ ಪಕ್ಕ ಕೂರು, ನಾನು ಹಿಂದೆ ಕೂರುತ್ತೇನೆ. ದಾರಿಯಲ್ಲಿ ಹೇಗನ್ನಿಸಿತು ಎಂದು ನಾನು ಕೇಳುವುದಿಲ್ಲ, ನನಗೇನನ್ನಿಸಿತೆಂದು ಮೊದಲೇ ಹೇಳುವುದೂ ಇಲ್ಲ. ಮನೆಗೆ ಬಂದು ಉಂಡ ಮೇಲೆ, ಒಂದು ರಾತ್ರಿ ಮಲಗಿ ಎದ್ದ ಮೇಲೆ, ನೀನು ಶುರು ಮಾಡಿದಾಗ ಕೇಳುತ್ತೇನೆ. ನಿನ್ನ ಪಟ್ಟಿಯ ಮೊದಲ ಹೆಸರು ನನ್ನ ಮನಸ್ಸಿನಲ್ಲಿರುವುದು ಆಗದಿದ್ದರೂ ಬ್ಯಾಂಕಿಗೆ ಸಹಿ ಹಾಕುವ ಕೈ ನನ್ನದೇ.

ಮಳೆ ಜೋರಾಯಿತು, ಕಿಟಕಿ ಇಳಿಸಬೇಕು. ಬೆಳಗಿನ ಐದೂಮುಕ್ಕಾಲಿಗೆ ಬಸ್ಸು ಬಿಡಬೇಕು, ಮಲಗುತ್ತೇನೆ. ಕೊಡೆ ಇಟ್ಟುಕೋ. ಆ ಫೈಲು ಈ ಸಲ ನನ್ನ ಕೈಯಲ್ಲಿರಲಿ. ನೀನು ನೋಟ್‌ಬುಕ್ ಹಿಡಿದುಕೊಂಡು ಬಾ, ಲ್ಯಾಬ್ ಎಷ್ಟು ಹೊತ್ತಿನವರೆಗೆ ತೆಗೆದಿರುತ್ತಾರೆ ಎಂಬುದನ್ನು ಮೊದಲ ಪುಟದಲ್ಲೇ ಬರೆದಿಟ್ಟಿರು.

ನಿನ್ನ,
ಅಪ್ಪ