ಮಾರ್ದಿನ್‌ಗೆ ಎರಡು ದಿನ ಇಡು, ಸಿರಿಲ್

ಪ್ರೀತಿಯ ಸಿರಿಲ್,

ಟರ್ಕಿಗೆ ಟಿಕೆಟ್ ಆಯಿತು ಎಂದು ಕಳಿಸಿದ ಪಟ್ಟಿ ನೋಡಿದೆ. ಇಸ್ತಾಂಬುಲ್ ನಾಲ್ಕು ದಿನ, ಕಪ್ಪಡೋಕಿಯಾ ಮೂರು ದಿನ, ನಡುವೆ ಬಲೂನು. ಎರಡರಿಂದಲೂ ಒಂದೊಂದು ದಿನ ಕಿತ್ತು ಮಾರ್ದಿನ್‌ಗೆ ಇಡು ಮಾರಾಯ. ಬ್ರಹ್ಮಾವರದ ಸಿರಿಯನ್ ಸಭೆಯವನಾಗಿ ಅಷ್ಟು ದೂರ ಹೋಗಿ ಆ ಊರನ್ನು ಬಿಟ್ಟು ಬಂದರೆ, ಊರಿನವರ ಮುಂದೆ ನಿನ್ನ ಪರವಾಗಿ ನಾನು ನಿಲ್ಲುವುದಿಲ್ಲ. ಬೇರೆಯವರೂ ಓದಲಿ ಎಂದೇ ಇಲ್ಲಿ ಬರೆಯುತ್ತಿದ್ದೇನೆ. ಟರ್ಕಿ ಎಂದರೆ ನಮ್ಮವರಿಗೆ ಆ ಎರಡೇ ಜಾಗ ಎಂದಾಗಿಬಿಟ್ಟಿದೆ.

ಮೊದಲು ಊರು ಎಲ್ಲಿ ಕೂತಿದೆ ಎಂಬುದು ತಲೆಗೆ ಹೋಗಬೇಕು, ಉಳಿದದ್ದೆಲ್ಲ ಅದರಿಂದಲೇ ಬರುವುದು. ಟರ್ಕಿಯ ಆಗ್ನೇಯ ಮೂಲೆ. ಉತ್ತರದ ಸುಣ್ಣಕಲ್ಲಿನ ಗುಡ್ಡಗಳು ಮುಗಿದು ಮೆಸೊಪೊಟೇಮಿಯಾದ ಬಯಲು ಶುರುವಾಗುವ ಅಂಚಿನಲ್ಲಿ, ಸುಮಾರು 1,000 ಮೀಟರ್ ಎತ್ತರದಲ್ಲಿ, ಗುಡ್ಡದ ದಕ್ಷಿಣ ಮಗ್ಗುಲಿಗೆ ಮಾರ್ದಿನ್ ಅಂಟಿಕೊಂಡಿದೆ. ಕೆಳಗಿನ ಕಿಝಿಲ್‌ತೆಪೆ ಬಯಲು ಅದರ ಅರ್ಧ ಎತ್ತರದಲ್ಲಿದೆ. ಅದರಾಚೆ ಸಿರಿಯಾದ ಗಡಿಯನ್ನೂ ದಾಟಿ ಒಂದೇ ಸಮ ಹೊಲ. ನಿಸಿಬಿಸ್‌ನಿಂದ ಎಡೆಸ್ಸಾಕ್ಕೆ, ಅಂದರೆ ಇಂದಿನ ನುಸೈಬಿನ್‌ನಿಂದ ಉರ್ಫಾಕ್ಕೆ, ಹೋಗುವ ಹಳೆಯ ವ್ಯಾಪಾರದ ದಾರಿ ಈ ಬಯಲಿನಲ್ಲೇ ಹಾಯುತ್ತಿತ್ತು. ಆ ದಾರಿಯ ಮೇಲೆ ಹಿಡಿತ ಬೇಕು ಎನ್ನುವ ಪ್ರತಿಯೊಬ್ಬರಿಗೂ ಈ ಗುಡ್ಡ ಬೇಕಾಯಿತು. ಅರ್ತುಕ್ ವಂಶದವರು 12ನೇ ಶತಮಾನದ ಆರಂಭದಿಂದ ಸುಮಾರು ಮುನ್ನೂರು ವರ್ಷ ಹಿಡಿದುಕೊಂಡಿದ್ದರು. ತೈಮೂರ್ ಊರಿನ ಮೇಲೆ ಬಿದ್ದ, ನೆತ್ತಿಯ ಕೋಟೆ ಮಾತ್ರ 1401ರಲ್ಲಿ ಅವನಿಗೂ ದಕ್ಕಲಿಲ್ಲ. ಆಮೇಲೆ ಕರಾಕೊಯುನ್ಲು, ಅಕ್‌ಕೊಯುನ್ಲು ಎಂಬ ತುರ್ಕಮನ್ ಬಣಗಳು, 1517ರಿಂದ ಆಟೊಮನ್ನರು. ಆ ಕೋಟೆಯಲ್ಲಿ ಈಗ ಸೇನೆಯ ರಡಾರ್ ನಿಂತಿದೆ. ದಶಕಗಳ ಕಾಲ ಜನರನ್ನು ಒಳಗೆ ಬಿಡದ ಜಾಗ ಅದು, ಅದನ್ನು ನಂಬಿ ದಿನದ ಲೆಕ್ಕ ಹಾಕಬೇಡ.

ಮನೆಗಳನ್ನು ನಿಧಾನಕ್ಕೆ ನೋಡು. ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ್ದಾರೆ. ಕೆಳಗಿನ ಮನೆಯ ತಾರಸಿಯ ಮಟ್ಟಕ್ಕೆ ಮೇಲಿನ ಮನೆಯ ಅಂಗಳ. ಹಿಂಬದಿಯ ಗೋಡೆ ಗುಡ್ಡಕ್ಕೆ ಆತುಕೊಂಡಿರುತ್ತದೆ, ಕೆತ್ತನೆ, ಕಮಾನು, ಕಿಟಕಿ ಎಲ್ಲ ದಕ್ಷಿಣದ ಮುಖಕ್ಕೆ. ಚಳಿಗಾಲದ ಬಿಸಿಲು ಓರೆಯಾಗಿ ಬಂದು ಕೋಣೆಯ ಒಳತನಕ ಬೀಳುತ್ತದೆ. ಬೇಸಿಗೆಯಲ್ಲಿ ಒಂದು ಬದಿ ತೆರೆದ ಇವಾನ್ ಎಂಬ ಕಮಾನಿನ ಪಡಸಾಲೆ ನೆರಳು ಕೊಡುತ್ತದೆ. ಒಬ್ಬರ ಮನೆಯ ನೆರಳು ಇನ್ನೊಬ್ಬರ ಮನೆಯ ಮೇಲೆ ಬೀಳುವುದಿಲ್ಲ ಎಂದು ಅಲ್ಲಿನವರು ಹೇಳುವುದು ಹೀಗೆ ಮೆಟ್ಟಿಲಾಗಿ ಕಟ್ಟಿದ್ದಕ್ಕೇ. ಸುಡುಬೇಸಿಗೆಯ ರಾತ್ರಿ ತಾರಸಿಯ ಮೇಲೆ ಎತ್ತರದ ಮಂಚ ಹಾಕಿ ಮಲಗುವುದು ಅಲ್ಲಿನ ರೂಢಿ. ಓಣಿಗಳ ಮೇಲೆಯೇ ಮನೆ ಹಾದುಹೋಗುವ ಕಡೆ ಕೆಳಗೆ ಕಮಾನಿನ ಸುರಂಗದಂಥ ದಾರಿ ಉಳಿಯುತ್ತದೆ, ಅದಕ್ಕೆ ಅಬ್ಬರಾ ಎನ್ನುತ್ತಾರೆ. ಮೇಲಿನದು ಮನೆಯವರದು, ಕೆಳಗಿನ ದಾರಿ ಎಲ್ಲರದು. ಓಣಿಗಳಲ್ಲಿ ಮೆಟ್ಟಿಲೇ ಹೆಚ್ಚು, ಗಾಡಿ ಹೋಗುವುದಿಲ್ಲ. ಹಾಗಾಗಿ ಕಸ ಹೊರುವುದಕ್ಕೆ ಪುರಸಭೆ ಕತ್ತೆಗಳನ್ನು ಇಟ್ಟುಕೊಂಡಿದೆ.

ಕಲ್ಲು ತಿಳಿಹಳದಿ ಬಣ್ಣದ ಸುಣ್ಣಕಲ್ಲು. ಗಣಿಯಿಂದ ತೆಗೆದ ಹೊಸತರಲ್ಲಿ ನಮ್ಮ ಮುರಕಲ್ಲಿನ ಹಾಗೆ ಮೆತ್ತಗಿರುತ್ತದೆ, ಗಾಳಿಗೆ ಇಟ್ಟಂತೆ ಗಟ್ಟಿಯಾಗುತ್ತದೆ. ಒಳಗಿನ ತೇವ ಆರುತ್ತಾ ಸುಣ್ಣದಂಶವನ್ನು ಮೇಲ್ಮೈಗೆ ತಂದು ಕಟ್ಟಿಸುವುದರಿಂದ ಹೀಗೆ. ಆದ್ದರಿಂದ ಬಳ್ಳಿ, ಹೂವು, ಅಕ್ಷರ ಏನು ಕೆತ್ತುವುದಿದ್ದರೂ ಕಲ್ಲು ಹಸಿಯಾಗಿದ್ದಾಗಲೇ ಕೆತ್ತಿಬಿಡಬೇಕು. ಆಮೇಲೆ ಉಳಿ ಹಾಕಿದರೆ ಗಟ್ಟಿಯಾದ ಮೇಲ್ಪದರವೇ ಕಿತ್ತುಬರುತ್ತದೆ. ಇಂಥ ಗೋಡೆಗೆ ದೊಡ್ಡ ಶತ್ರು ಸಿಮೆಂಟು. ಗೋಡೆಗೆ ಇಳಿದ ನೀರು ಸುಣ್ಣದ ಗಾರೆಯ ಸಂದಿಯಿಂದ ಆರಿ ಹೋಗಬೇಕು. ಸಂದಿಗೆ ಸಿಮೆಂಟು ಮೆತ್ತಿದರೆ ಆ ದಾರಿ ಮುಚ್ಚುತ್ತದೆ, ನೀರು ಕಲ್ಲಿನ ಮೂಲಕವೇ ಹೊರಬರುತ್ತದೆ, ಜೊತೆಗೆ ತಂದ ಉಪ್ಪು ಮೇಲ್ಮೈಯ ಹಿಂದೆ ಹರಳುಗಟ್ಟಿ ಕಲ್ಲನ್ನು ಪುಡಿ ಮಾಡುತ್ತದೆ. ಗುರುತು ಹಿಡಿಯುವುದು ಸುಲಭ: ಬೂದು ಬಣ್ಣದ ಸಂದಿ ಪಟ್ಟಿಯ ಹಾಗೆ ಉಬ್ಬಿ ನಿಂತಿದ್ದು, ಅದರ ಎರಡೂ ಬದಿಯ ಕಲ್ಲು ಒಳಕ್ಕೆ ಸವೆದಿದ್ದರೆ ಅದು ಸಿಮೆಂಟಿನ ಕೆಲಸ. ಬೆರಳಾಡಿಸಿದರೆ ಹಿಟ್ಟು ಅಂಟುತ್ತದೆ. ಕಳೆದ ಶತಮಾನದಲ್ಲಿ ಹಳೆಯ ಮನೆಗಳ ನೆತ್ತಿಯ ಮೇಲೆ ಕಾಂಕ್ರೀಟಿನ ಅಂತಸ್ತುಗಳೂ ಎದ್ದಿದ್ದವು. ಇತ್ತೀಚಿನ ವರ್ಷಗಳಲ್ಲಿ ಅಂಥವನ್ನು ಬಹಳಷ್ಟು ಕೆಡವಿದ್ದಾರೆ. ಒಳ್ಳೆಯ ಕೆಲಸ.

ನಡೆಯುವ ಕ್ರಮ ಹೇಳುತ್ತೇನೆ. ಬೆಳಿಗ್ಗೆ ಬೇಗ ಮೇಲಿನ ಝಿಂಜಿರಿಯೆ ಮದ್ರಸಾಕ್ಕೆ ಹತ್ತು. 1385ರ ಕಟ್ಟಡ, ಎರಡು ಗುಮ್ಮಟಗಳಿಗೂ ಉದ್ದುದ್ದ ಏಣು ಕೊರೆದಿದ್ದಾರೆ. ಅಲ್ಲಿಂದ ಇಳಿಯುತ್ತಾ ಬಿರಿಂಜಿ ಜಾದ್ದೆ ಎಂಬ ಮುಖ್ಯ ಬೀದಿಯನ್ನು ದಾಟಿ ಉಲು ಜಾಮಿಗೆ, ಅಂದರೆ ದೊಡ್ಡ ಮಸೀದಿಗೆ. ಅದರ ಮಿನಾರಿನ ಶಾಸನ 1176ರದು, ಅಕ್ಷರಗಳು ಬುಡದಲ್ಲೇ ಇವೆ, ಕತ್ತೆತ್ತದೆ ನೋಡಬಹುದು. ಸುತ್ತ ಪೇಟೆ, ತಾಮ್ರ ಬಡಿಯುವವರು. ಸಂಜೆಗೆ ಊರಿನ ಪಶ್ಚಿಮದ ಕಾಸಿಮಿಯೆ ಮದ್ರಸಾ. ಬುಗ್ಗೆಯ ನೀರು ಗೋಡೆಯಿಂದ ಬಿದ್ದು ಕಿರುಗಾಲುವೆಯಲ್ಲಿ ಹರಿದು ಕೊಳ ಸೇರುವುದನ್ನು ಹುಟ್ಟಿನಿಂದ ಸಾವಿನವರೆಗಿನ ಬದುಕು ಎಂದು ವಿವರಿಸುತ್ತಾರೆ. ದಿನವಿಡೀ ಇಳಿಯುತ್ತಲೇ ಇರುವ ಹಾಗೆ ನೋಡಿಕೋ, ಹತ್ತುವುದಕ್ಕೆ ಮಿನಿಬಸ್ಸು ಹಿಡಿ.

ಈಗ ನಿನ್ನ ವಿಷಯ. ಊರಿನಿಂದ ಪೂರ್ವಕ್ಕೆ ಸುಮಾರು ಐದು ಕಿಲೋಮೀಟರ್ ಹೋದರೆ ದೈರುಲ್ ಝಾಫರಾನ್ ಮಠ, ಮಲಂಕರದವರು, ಅಂದರೆ ಕೇರಳದ ಸಿರಿಯನ್ ಕ್ರೈಸ್ತರು, ಕುರ್ಕುಮ ದಯರಾ ಎನ್ನುವುದು ಇದಕ್ಕೇ. ನೆಲದಡಿಯಲ್ಲಿ ಕ್ರೈಸ್ತಪೂರ್ವ ಕಾಲದ ಸೂರ್ಯ ದೇವಾಲಯ ಎಂದು ಒಂದು ಕೋಣೆ ತೋರಿಸುತ್ತಾರೆ. ಅದರ ಚಾವಣಿಯ ಭಾರೀ ಕಲ್ಲುಗಳನ್ನು ಗಾರೆಯೇ ಇಲ್ಲದೆ ಒಂದಕ್ಕೊಂದು ಒತ್ತಿ ನಿಲ್ಲಿಸಿದ್ದಾರೆ. ಸಿರಿಯನ್ ಆರ್ಥೊಡಾಕ್ಸ್ ಪಿತೃಪ್ರಧಾನರು, ಅಂದರೆ ಆ ಸಭೆಯ ಪರಮಾಧ್ಯಕ್ಷರು, ಶತಮಾನಗಳ ಕಾಲ ಇದ್ದದ್ದು ಇಲ್ಲಿ.

ಪೋಪರೂ ಪೋರ್ಚುಗಲ್ಲೂ ಮಾಡಿಕೊಂಡ 1886ರ ಒಪ್ಪಂದದಲ್ಲಿ ಕೆನರಾದ ಚರ್ಚುಗಳು ಗೋವಾದ ಪಾದ್ರೊಆದೊ, ಅಂದರೆ ಪೋರ್ಚುಗೀಸ್ ರಾಜನ ಆಶ್ರಯದ ಚರ್ಚು ಆಡಳಿತದ, ಕೈತಪ್ಪಿದಾಗ ನಿಮ್ಮ ಹಿರಿಯರು ಒಪ್ಪದೆ ಎದ್ದುನಿಂತರಲ್ಲ, ಗೋವಾದ ಆಲ್ವಾರಿಸ್ ಪಾದ್ರಿಯವರು 1889ರಲ್ಲಿ ಕೊಟ್ಟಾಯಂನಲ್ಲಿ ಮಾರ್ ಜೂಲಿಯಸ್ ಆಗಿ ಬಿಷಪ್ ದೀಕ್ಷೆ ಪಡೆದರಲ್ಲ, ಅದಕ್ಕೆ ಅನುಮತಿ ಕೊಟ್ಟ ಪಿತೃಪ್ರಧಾನ ಇಗ್ನಾಥಿಯೋಸ್ ಪೇತ್ರುಸರ ಪೀಠ ಇದೇ ಮಠ. ಅವರು ಲಂಡನ್ನಿಗೂ ಹೋಗಿದ್ದವರು, ಕೇರಳಕ್ಕೆ ಬಂದು 1876ರಲ್ಲಿ ಮುಳಂತುರುತ್ತಿಯ ಸಭೆ ನಡೆಸಿದವರು. ರೋಕ್ ಝೆಫ್ರಿನ್ ನೊರೊನ್ಹಾ ಬ್ರಹ್ಮಾವರದಲ್ಲಿ ಕಟ್ಟಿದ ಸಭೆಗೆ ಹೀಗೆ ಈ ಗುಡ್ಡದವರೆಗೂ ಬೇರು ಇದೆ. 1912ರಲ್ಲಿ ಕೇರಳಕ್ಕೆ ಬಂದು ಕ್ಯಾಥೊಲಿಕೋಸ್ ಎಂಬ, ಭಾರತದ ಸಭೆಯ ಮುಖ್ಯಸ್ಥರ ಪೀಠ ಸ್ಥಾಪಿಸಿದ, ಪಿತೃಪ್ರಧಾನರಾಗಿದ್ದ ಅಬ್ದುಲ್ ಮಸೀಹರ ಸಮಾಧಿಯೂ ಇಲ್ಲೇ. ನಿಮ್ಮ ಆಡಳಿತವೆಲ್ಲ ಇಂದು ಕೊಟ್ಟಾಯಂನದು, ಅಂತಿಯೋಕ್ಯದ, ಅಂದರೆ ಈ ಪಿತೃಪ್ರಧಾನರ ಪೀಠದ, ಜೊತೆಗಿನ ವ್ಯಾಜ್ಯ ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಆದರೂ ಹೋಗಿ ನಿಲ್ಲು.

ಇಬ್ನ್ ಬತೂತ 1327ರಲ್ಲಿ ಮಾರ್ದಿನ್ ನೋಡಿದ, ಅಲ್ಲಿ ಆಡಿನ ಉಣ್ಣೆಯ ಬಟ್ಟೆ ನೇಯುತ್ತಾರೆ ಎಂದು ಬರೆದ. ಅದೇ ಮನುಷ್ಯ 1340ರ ದಶಕದಲ್ಲಿ ನಿಮ್ಮ ಪಕ್ಕದ ಬಾರ್ಕೂರಿಗೆ ಬಂದು ಅಲ್ಲಿನ ಕಬ್ಬನ್ನು ಹೊಗಳಿದ. ನಮ್ಮ ಕರಾವಳಿಗೂ ಆ ಊರಿಗೂ ಇದ್ದ ದಾರಿ ನೊರೊನ್ಹಾ ಅವರ ಕಾಲಕ್ಕೆ ಹೊಸದಾಗಿ ತೆರೆದದ್ದೇನಲ್ಲ.

ಅಬ್ದುಲ್ ಮಸೀಹರು ತೀರಿಕೊಂಡ ವರ್ಷ 1915. ಈ ಊರಿನ ಬಗ್ಗೆ ಹೇಳುತ್ತಾ ಆ ವರ್ಷಕ್ಕೆ ಬಂದಾಗೆಲ್ಲ ನನ್ನ ಮಾತು ತಾನಾಗಿ ಕಲ್ಲಿನ ಕಡೆಗೆ, ಕಮಾನಿನ ಕಡೆಗೆ ತಿರುಗಲು ನೋಡುತ್ತದೆ. ಆ ಜೂನ್‌ನಲ್ಲಿ ಆಟೊಮನ್ ಆಡಳಿತದವರು ಅರ್ಮೇನಿಯನ್ ಕ್ಯಾಥೊಲಿಕ್ ಆರ್ಚ್‌ಬಿಷಪ್ ಇಗ್ನೇಷಿಯಸ್ ಮಲೋಯನ್‌ರನ್ನೂ ಅವರ ಜೊತೆ ನೂರಾರು ಜನರನ್ನೂ ಇದೇ ಬೀದಿಗಳಿಂದ ಊರಾಚೆ ನಡೆಸಿಕೊಂಡು ಹೋಗಿ ಕೊಂದರು. ಸುತ್ತಲಿನ ಸಿರಿಯನ್ ಹಳ್ಳಿಗಳಿಗೂ ಅದೇ ಗತಿ ಬಂತು. ಅವರು ಅದನ್ನು ಸೈಫೊ ಎಂದು ಕರೆಯುತ್ತಾರೆ. ಪಿತೃಪ್ರಧಾನ ಮೂರನೇ ಎಲಿಯಾಸ್ 1932ರಲ್ಲಿ ಕೇರಳದ ಮಂಜಿನಿಕ್ಕರದಲ್ಲಿ ತೀರಿಕೊಂಡ ಮೇಲೆ ಪೀಠ ಹೋಮ್ಸ್‌ಗೆ ಹೋಯಿತು, ಅಲ್ಲಿಂದ ಡಮಾಸ್ಕಸ್‌ಗೆ. ಮಾರ್ದಿನ್‌ಗೆ ತಿರುಗಿ ಬರಲಿಲ್ಲ. ಉಳಿದ ಮನೆಗಳವರೂ ಮುಂದಿನ ದಶಕಗಳಲ್ಲಿ ಬಡತನಕ್ಕೆ, ಕುರ್ದಿ ಬಂಡುಕೋರರಿಗೂ ಸೇನೆಗೂ ನಡೆದ 1990ರ ದಶಕದ ಸಂಘರ್ಷಕ್ಕೆ ಬೇಸತ್ತು ಜರ್ಮನಿಗೆ, ಸ್ವೀಡನ್ನಿನ ಸೊದರ್‌ತೆಲ್ಯೆಗೆ ಹೋದರು.

ಈಗ ನೀನು ಫೋಟೊ ತೆಗೆಯುವ ಮನೆಗಳ ಮುಖಗಳಲ್ಲಿ ಕೆಲವು ಅರ್ಮೇನಿಯನ್ ವಾಸ್ತುಶಿಲ್ಪಿ ಸರ್ಕಿಸ್ ಲೋಲೆಯವು. 1890ರ ಶಾಹ್‌ತಾನಾ ಮನೆ ಅವನದೇ, ಬಹುಕಾಲ ಅಂಚೆ ಕಚೇರಿಯಾಗಿದ್ದದ್ದು. ವಸ್ತುಸಂಗ್ರಹಾಲಯ ಇರುವುದು 1895ರಲ್ಲಿ ಸಿರಿಯನ್ ಕ್ಯಾಥೊಲಿಕರು ತಮ್ಮ ಪೀಠಕ್ಕೆಂದು ಕಟ್ಟಿಸಿದ ಮನೆಯಲ್ಲಿ. ಎಲ್ಲ ಧರ್ಮದವರೂ ಕೂಡಿ ಬಾಳಿದ ಊರು ಎಂದು ಮಾರ್ಗದರ್ಶಿಗಳು ಹೇಳುತ್ತಾರೆ. ಸುಳ್ಳಲ್ಲ, ಅರಬ್ಬಿ, ಕುರ್ದಿ, ತುರ್ಕಿ, ಅರಮಾಯಿಕ್ ಮಾತುಗಳು ಇಂದಿಗೂ ಅಲ್ಲಿ ಕಿವಿಗೆ ಬೀಳುತ್ತವೆ. ಆದರೆ ಬಾಳಿದವರಲ್ಲಿ ಎಷ್ಟೋ ಮಂದಿ ಎಲ್ಲಿ ಹೋದರು ಎಂಬುದು ಆ ವಾಕ್ಯದಲ್ಲಿ ಇಲ್ಲ. ನನಗೆ ಹೆದರಿಕೆಯಾಗುವುದು ಇಲ್ಲೇ, ಸಿರಿಲ್. ಚಂದದ ಊರು ಚಂದವಾಗಿಯೇ ಕಾಣಲಿ ಎಂಬ ಆಸೆ ನನ್ನಲ್ಲೂ ಗಟ್ಟಿಯಾಗಿದೆ. ಬಂದವರಿಗೆ ಬಯಲು ತೋರಿಸಿ ಕಳಿಸಿಬಿಡೋಣ ಅನ್ನಿಸುತ್ತದೆ. ನಮ್ಮ ಕರಾವಳಿಯ ವೇದಿಕೆಗಳ ಮೇಲೂ ಕೂಡಿ ಬಾಳಿದ ಮಾತು ಬಂದಾಗ ನಾನು ಚಪ್ಪಾಳೆ ತಟ್ಟುತ್ತೇನೆ, ಪಕ್ಕದಲ್ಲಿ ಕೂತ ನೀನು ಏನು ಯೋಚಿಸುತ್ತಿದ್ದೀ ಎಂದು ಇಷ್ಟು ವರ್ಷದಲ್ಲಿ ಕೇಳಿದವನಲ್ಲ. ಇದನ್ನು ಎಲ್ಲರೆದುರು ಬರೆಯುವ ಯೋಚನೆ ಇರಲಿಲ್ಲ.

ಸಾಕು. ಊಟಕ್ಕೆ ಬರೋಣ, ನೀನು ಕಾಯುತ್ತಿರುವುದೇ ಅದಕ್ಕೆ. ಕುರಿಯ ಪಕ್ಕೆಯೊಳಗೆ ಅಕ್ಕಿ ತುಂಬಿ ಬೇಯಿಸಿದ ಕಬುರ್ಗಾ ದೊಲ್ಮಾ ಒಬ್ಬನಿಗೆ ಹೆಚ್ಚು, ಜೊತೆಗಾರರಿದ್ದರೆ ಮಾತ್ರ ಹೇಳು. ಒಬ್ಬನೇ ಇದ್ದರೆ ಸೆಂಬುಸೆಕ್, ಕೊಚ್ಚಿದ ಮಾಂಸ ಇಟ್ಟು ಮಡಿಸಿ ಸುಟ್ಟ ರೊಟ್ಟಿ. ಉಪವಾಸದ ದಿನಗಳಾದರೆ ಮೆರ್ಜಿಮೆಕ್ ಎಂಬ ಬೇಳೆಯ ಸೂಪಿದೆ, ಮಾಂಸದ ಸಾರು ಹಾಕಿದ್ದಾರೆಯೇ ಎಂದು ಕೇಳಿಕೋ. ಮಿರ್ರಾ ಕಾಫಿ ಮತ್ತೆ ಮತ್ತೆ ಕುದಿಸಿ ಇಳಿಸಿದ ಕಹಿ, ಹಿಡಿಯಿಲ್ಲದ ಪುಟ್ಟ ಬಟ್ಟಲಲ್ಲಿ ಒಂದು ಗುಟುಕು ಬರುತ್ತದೆ. ಕುಡಿದು ಬಟ್ಟಲನ್ನು ಕೆಳಗಿಡಬಾರದು, ಕೊಟ್ಟವರ ಕೈಗೇ ಕೊಡಬೇಕು.

ಬೆಳ್ಳಿ ಕೊಳ್ಳುವುದಿದ್ದರೆ ಪೂರ್ವದ ಮಿದ್ಯಾತ್‌ಗೆ ಹೋಗು, ಗಂಟೆಯ ದಾರಿ. ತೆಲ್ಕಾರಿ ಎಂಬ ತಂತಿ ಕೆಲಸಕ್ಕೆ ಎರಡು ಎಳೆ ಬೆಳ್ಳಿಯನ್ನು ಹೊಸೆದು, ತಟ್ಟಿ ಚಪ್ಪಟೆ ಮಾಡಿ, ಸುರುಳಿ ಸುತ್ತಿ ಬೆಸೆಯುತ್ತಾರೆ. ಹಾಗಾಗಿ ಕೈಕೆಲಸದ ತಂತಿಯ ಅಂಚಿನಲ್ಲಿ ಸಣ್ಣ ಹಲ್ಲುಗಳು ಕಾಣಬೇಕು. ಅಂಚು ನುಣುಪಾಗಿದ್ದು ಸುರುಳಿಗಳು ಸೇರುವಲ್ಲಿ ಉರುಟಾಗಿ ಮೆತ್ತಿಕೊಂಡಿದ್ದರೆ ಅದು ಅಚ್ಚಿನಲ್ಲಿ ಎರೆದ ಮಾಲು. 925 ಮುದ್ರೆ ಎರಡಕ್ಕೂ ಇರಬಹುದು, ಅದೊಂದನ್ನೇ ನಂಬಬೇಡ.

ಎರಡನೇ ದಿನದ ಬೆಳಿಗ್ಗೆ ದಾರಾಕ್ಕೆ, ಆಗ್ನೇಯಕ್ಕೆ ಮೂವತ್ತು ಕಿಲೋಮೀಟರ್. 363ರಲ್ಲಿ ನಿಸಿಬಿಸ್ ಪರ್ಷಿಯನ್ನರ ಪಾಲಾದ ಮೇಲೆ ಗಡಿಗೊಂದು ಕೋಟೆಯಿಲ್ಲದೆ ಕಷ್ಟಪಟ್ಟ ರೋಮನ್ನರು ಅನಸ್ತಾಸಿಯಸ್ ಚಕ್ರವರ್ತಿಯ ಕಾಲದಲ್ಲಿ, 505ರಿಂದ 507ರ ನಡುವೆ, ಅವಸರದಲ್ಲಿ ಕಟ್ಟಿದ ಊರು. ನೆಲದೊಳಗಿನ ನೀರಿನ ತೊಟ್ಟಿಗೆ ಇಳಿಯುವ ಮೆಟ್ಟಿಲು ಜಾರುತ್ತದೆ, ಟಾರ್ಚ್ ಇರಲಿ.

ಏಪ್ರಿಲ್ ಕೊನೆ, ಮೇ ಒಳ್ಳೆಯದು, ಬಯಲು ಹಸಿರಾಗಿರುತ್ತದೆ. ದಕ್ಷಿಣದ ಗಾಳಿ ಎದ್ದರೆ ಧೂಳು ಮುಸುಕಿ ಏನೂ ಕಾಣುವುದಿಲ್ಲ. ಮಳೆ ಬಂದ ಮಾರನೇ ಬೆಳಿಗ್ಗೆ ಬಯಲು ನೋಡಲು ಬಿಡುವು ಮಾಡಿಕೋ. ನಯವಾದ ಅಡಿಯ ಬೂಟು ಬೇಡ, ಸವೆದ ಸುಣ್ಣಕಲ್ಲು ಒದ್ದೆಯಾದರೆ ಕಾಲು ನಿಲ್ಲುವುದಿಲ್ಲ. ಇಸ್ತಾಂಬುಲ್‌ನಿಂದ ನೇರ ವಿಮಾನ ಇದೆ, ಸುಮಾರು ಎರಡು ಗಂಟೆ. ಇಳಿಯುವ ನಿಲ್ದಾಣ ಕೆಳಗಿನ ಬಯಲಿನಲ್ಲಿ. ಕೋಣೆ ಹಿಡಿಯುವಾಗ ರಸ್ತೆಯಿಂದ ಎಷ್ಟು ಮೆಟ್ಟಿಲು ಎಂದು ಮೊದಲೇ ಕೇಳು, ಆ ನಿನ್ನ ನೀಲಿ ಸೂಟ್‌ಕೇಸ್ ತರುವುದಾದರೆ ಎರಡು ಸಲ ಕೇಳು.

ನಿನ್ನ,
ರಾಘು