ಕೊನೆಯ ಸ್ಥಾನದ ಲೆಕ್ಕ

ಚಿ. ಕು. ಸಹನಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದ ಬಂತು. ಶಿಬಿರದ ಸುದ್ದಿ, ಪಾಸ್‌ಪೋರ್ಟಿನ ಓಡಾಟ, ನಿಮ್ಮಪ್ಪನ ಗೊಣಗಾಟ ಎಲ್ಲ ಫೋನಿನಲ್ಲೇ ತಿಳಿದಿದೆ, ಅದನ್ನು ಬಿಡು. ಕೊನೆಯ ಪುಟದ ಅಂಚಿನಲ್ಲಿ ಇರುಕಿಸಿ ಬರೆದಿದ್ದೀಯಲ್ಲ, "ಆಯ್ಕೆಯಾಗಿ ವಿಶ್ವ ಕ್ರಾಸ್ ಕಂಟ್ರಿಗೆ ಹೋಗಿ, ಅಲ್ಲಿ ಎಲ್ಲರಿಗಿಂತ ಹಿಂದೆ ಬಂದರೆ ಏನು ಗತಿ ದೊಡ್ಡಮ್ಮ" ಅಂತ, ಆ ಒಂದು ಸಾಲು ತಲೆಯಿಂದ ಇಳಿಯುತ್ತಲೇ ಇಲ್ಲ.

ಮೊದಲು ಲೆಕ್ಕ ಹಾಕೋಣ. ಇಥಿಯೋಪಿಯ, ಕೀನ್ಯಾದವರು ನಿನ್ನನ್ನು ಒಂದು ಸುತ್ತು ಹಿಂದೆ ಹಾಕುತ್ತಾರೆ ಅಂತ ಹೆದರಿದ್ದೀಯ. ಕ್ರಾಸ್ ಕಂಟ್ರಿ ಅಂದರೆ ಟ್ರ್ಯಾಕಲ್ಲ, ಹುಲ್ಲು ಏರು ಇಳಿಜಾರಿನ ಬಯಲಿನ ಓಟ; 20 ವರ್ಷದೊಳಗಿನ ಹುಡುಗಿಯರಿಗೆ 6 ಕಿಲೋಮೀಟರ್. ಸುತ್ತು 2 ಕಿಲೋಮೀಟರಿನದು, ಗೆಲ್ಲುವವಳು 20 ನಿಮಿಷಕ್ಕೆ ಮುಗಿಸುತ್ತಾಳೆ ಎಂದಿಟ್ಟುಕೊ. ಅವಳು ನಿನ್ನನ್ನು ಸುತ್ತು ಹಾಕಿ ದಾಟಬೇಕಾದರೆ ಆ 20 ನಿಮಿಷದಲ್ಲಿ ನೀನು 4 ಕಿಲೋಮೀಟರನ್ನೂ ಮುಗಿಸಿರಬಾರದು. ಅಂದರೆ ಕಿಲೋಮೀಟರಿಗೆ 5 ನಿಮಿಷಕ್ಕಿಂತ ನಿಧಾನ ಓಡಬೇಕು. ಟ್ರ್ಯಾಕಿನಲ್ಲಿ 3000 ಮೀಟರನ್ನು 10 ನಿಮಿಷದ ಆಸುಪಾಸಿನಲ್ಲಿ ಓಡುವವಳು ನೀನು. ಹುಲ್ಲು, ಏರು, ಕೆಸರು ಎಲ್ಲ ಸೇರಿಸಿ ಕಿಲೋಮೀಟರಿಗೆ 3 ನಿಮಿಷ 50 ಸೆಕೆಂಡ್ ಹಿಡಿದರೂ 23 ನಿಮಿಷಕ್ಕೆ ಗೆರೆ ಮುಟ್ಟುತ್ತೀಯ. ಮೂರು ನಿಮಿಷ ಹಿಂದೆ. ಸುತ್ತಿನ ಮಾತಂತೂ ಇಲ್ಲ.

ಆದರೂ ಹಿಂದೆಯೇ ಅಲ್ಲವಾ ಅಂತೀಯ. ಹೌದು. ಈಗ ತಂಡದ ಲೆಕ್ಕ ನೋಡು. ಒಂದು ದೇಶದಿಂದ ಆರು ಜನ ಓಡುತ್ತಾರೆ, ಮೊದಲು ಬಂದ ನಾಲ್ವರ ಸ್ಥಾನಗಳನ್ನು ಕೂಡುತ್ತಾರೆ, ಕಡಿಮೆ ಮೊತ್ತದ ತಂಡ ಮೇಲೆ. ಒಂದು ತಂಡದವರು 50, 55, 60, 75ನೇ ಸ್ಥಾನಕ್ಕೆ ಬಂದರೆ 240. ಇನ್ನೊಂದರಲ್ಲಿ ಮುಂದಿನ ಮೂವರು 30, 40, 58 ಅಂತ ಚೆನ್ನಾಗಿಯೇ ಬಂದು, ನಾಲ್ಕನೆಯವಳು 115ಕ್ಕೆ ಜಾರಿದರೆ 243. ಸೋತರು! ಎರಡು ತಂಡಗಳ ಮೊತ್ತ ಸಮವಾದರೂ ಲೆಕ್ಕಕ್ಕೆ ಬಂದ ಕೊನೆಯವಳು ಯಾವ ತಂಡದಲ್ಲಿ ಮುಂದಿದ್ದಾಳೋ ಆ ತಂಡಕ್ಕೆ ಮೇಲುಗೈ. ಮೂವರೇ ಓಟ ಮುಗಿಸಿದರೆ ತಂಡಕ್ಕೆ ಸ್ಥಾನವೇ ಇಲ್ಲ. 80ನೆಯ ಜಾಗದಲ್ಲಿ ಯಾರೂ ಕ್ಯಾಮೆರಾ ಹಿಡಿಯುವುದಿಲ್ಲ, ನಿಜ. ಆದರೆ ಅಲ್ಲಿ ಒಬ್ಬಳನ್ನು ದಾಟಿದರೂ ನಿಮ್ಮ ತಂಡಕ್ಕೆ ಒಂದು ಅಂಕ ಇಳಿಯಿತು, ಮುಂದಿದ್ದವಳು ಒಂದು ಸ್ಥಾನ ಗಳಿಸಿದಷ್ಟೇ ಬೆಲೆ ಅದಕ್ಕೆ.

ಇನ್ನು ಹಿಂದೆ ಬೀಳುವುದು ಯಾರನ್ನು ಬಿಟ್ಟಿದೆ ಹೇಳು. 2007ರಲ್ಲಿ ಇದೇ ವಿಶ್ವ ಕ್ರಾಸ್ ಕಂಟ್ರಿ ಕೀನ್ಯಾದ ಮೊಂಬಾಸಾದಲ್ಲಿ ನಡೆದಾಗ ಸೆಕೆ ಅಂದರೆ ಸೆಕೆ. ಸತತ ಐದು ಸಲ ಗೆದ್ದಿದ್ದ ಇಥಿಯೋಪಿಯದ ಕೆನೆನಿಸಾ ಬೆಕೆಲೆ ಕೊನೆಯ ಸುತ್ತಿನಲ್ಲಿ ಓಟವನ್ನೇ ಬಿಟ್ಟ. ಮರುವರ್ಷ ಎಡಿನ್‌ಬರೋದಲ್ಲಿ ಮತ್ತೆ ಗೆದ್ದ. 2017ರಲ್ಲಿ ಉಗಾಂಡದ ಕಂಪಾಲಾದಲ್ಲಿ ಜೋಶುವಾ ಚೆಪ್ಟೆಗೈ ಸ್ವಂತ ದೇಶದವರ ಕೂಗಾಟಕ್ಕೆ ಉಬ್ಬಿ ಎಲ್ಲರನ್ನೂ ಬಿಟ್ಟು ಮುಂದೆ ಹೋದ, ಕೊನೆಯ ಸುತ್ತಿನಲ್ಲಿ ಕಾಲು ಕೈಕೊಟ್ಟು 30ನೆಯವನಾದ. ಎರಡು ವರ್ಷದ ಮೇಲೆ ಡೆನ್ಮಾರ್ಕಿನ ಆರ್‌ಹುಸ್‌ನಲ್ಲಿ ಅವನೇ ಚಾಂಪಿಯನ್. ಇವರೆಲ್ಲ ದೊಡ್ಡವರು, ನನಗೂ ಅವರಿಗೂ ಏನು ಹೋಲಿಕೆ ಅನ್ನಬೇಡ. ನಾನು ಹೇಳುತ್ತಿರುವುದು ಕಾರಣಗಳನ್ನು: ಬಿಸಿಲು, ಆತುರ. ನಿನ್ನನ್ನು ಹಿಂದೆ ಹಾಕುವುದೂ ಅವೇ.

ಆತುರ ಗೊತ್ತಾಗುವುದು ಸ್ಟಾರ್ಟಿನಲ್ಲಿ. ಒಂದೊಂದು ದೇಶಕ್ಕೆ ಒಂದೊಂದು ಅಂಕಣ, ಅದರಲ್ಲಿ ಒಬ್ಬರ ಹಿಂದೊಬ್ಬರು ನಿಲ್ಲಬೇಕು. ಗುಂಡು ಹಾರಿದ ತಕ್ಷಣ ಅಷ್ಟೂ ಜನ ಒಂದೇ ಕಡೆ ನುಗ್ಗುತ್ತಾರೆ, ದಾರಿ ಹೋಗುತ್ತ ಹೋಗುತ್ತ ಕಿರಿದಾಗುತ್ತದೆ. ಮೊಣಕೈ ತಗಲುತ್ತದೆ, ಹಿಂದಿನವಳ ಸ್ಪೈಕ್, ಅಂದರೆ ಮೊಳೆ ಹಾಕಿದ ಶೂ, ಹಿಮ್ಮಡಿಗೆ ಬೀಳುತ್ತದೆ. ಎಡಿನ್‌ಬರೋದಲ್ಲಿ ಬೆಕೆಲೆಯ ಶೂ ಹೀಗೇ ತುಳಿಸಿಕೊಂಡು ಕಳಚಿತು, ನಿಂತು ಹಾಕಿಕೊಂಡು ಓಡಬೇಕಾಯಿತು. ಲೇಸಿಗೆ ಎರಡು ಗಂಟು ಹಾಕು, ತುದಿಗಳನ್ನು ಅಡ್ಡ ಲೇಸಿನ ಕೆಳಗೆ ತೂರಿಸು, ಮೇಲೆ ಒಂದು ಸುತ್ತು ಟೇಪು ಹಾಕು. ಮೊದಲ 200 ಮೀಟರ್ ಚುರುಕಾಗಿ ಹೋಗಿ ಜಾಗ ಹಿಡಿ, ತಿರುವಿನ ಒಳಮಗ್ಗುಲಿಗೆ ಸಿಕ್ಕಿಕೊಳ್ಳದೆ ಸ್ವಲ್ಪ ಹೊರಗೇ ಇರು. ಆಮೇಲೆ ಉಸಿರು ನಿನ್ನ ಹಿಡಿತಕ್ಕೆ ಬರಬೇಕು. 500 ಮೀಟರಿನಲ್ಲೂ ಏದುಸಿರಿದ್ದರೆ ನೀನು ಬೇರೆ ಯಾರದೋ ಓಟ ಓಡುತ್ತಿದ್ದೀಯ ಅಂತ ಅರ್ಥ. ಅಲ್ಲಿ ಉಳಿಸಿದ ಐದು ಸೆಕೆಂಡಿಗೆ ಎರಡನೇ ಏರಿನಲ್ಲಿ ಮೂವತ್ತು ಸೆಕೆಂಡ್ ದಂಡ ಕಟ್ಟಬೇಕಾಗುತ್ತದೆ, ಆಗ ಒಬ್ಬೊಬ್ಬರಾಗಿ ದಾಟಿ ಹೋಗುವಾಗ ಬರುವ ಭಯವೇ ನೀನು ಬರೆದ ಆ ಭಯ.

ಇದೆಲ್ಲ ನಿಮ್ಮ ಕೋಚ್ ಹೇಳಿಯೇ ಇರುತ್ತಾರೆ. ಅವರ ಮಾತಿಗೂ ನನ್ನದಕ್ಕೂ ವ್ಯತ್ಯಾಸ ಬಂದರೆ ಅವರದ್ದನ್ನೇ ಹಿಡಿ.

ಏರಿನಲ್ಲಿ ವಾಚು ನೋಡಬೇಡ. ಹೆಜ್ಜೆ ಚಿಕ್ಕದು ಮಾಡು, ಕೈ ಬೀಸು, ತಲೆ ಬಗ್ಗಿಸಬೇಡ. ಎಲ್ಲರೂ ನೆತ್ತಿ ಮುಟ್ಟಿದ ಕೂಡಲೇ ಸಡಿಲ ಬಿಡುತ್ತಾರೆ, ನೀನು ಇನ್ನೂ ಹದಿನೈದು ಹೆಜ್ಜೆ ಅದೇ ಜೋರಿನಲ್ಲಿ ಹೋಗು, ಇಬ್ಬರಾದರೂ ಹಿಂದೆ ಉಳಿಯುತ್ತಾರೆ. ಇಳಿಜಾರಿನಲ್ಲಿ ಹಿಂದಕ್ಕೆ ವಾಲಿ ಹಿಮ್ಮಡಿ ಊರಿದರೆ ಬ್ರೇಕು ಹಾಕಿದಂತೆ, ತೊಡೆಯ ಮುಂಭಾಗ ಸತ್ತುಹೋಗುತ್ತದೆ. ಆರ್‌ಹುಸ್‌ನಲ್ಲಿ ಮ್ಯೂಸಿಯಮ್ಮಿನ ಹುಲ್ಲು ಹೊದಿಸಿದ ಚಾವಣಿಯ ಮೇಲೇ ಓಡಿಸಿದ್ದರು, ಏರು ನೂರಕ್ಕೆ ಹತ್ತು. ಅಂಥದ್ದಕ್ಕೆ ಟ್ರ್ಯಾಕಿನ ಅಭ್ಯಾಸ ಸಾಲದು. ವಾರಕ್ಕೊಮ್ಮೆ ಹುಲ್ಲಿನ ಏರಿನಲ್ಲಿ 60ರಿಂದ 90 ಸೆಕೆಂಡಿನ ಓಟ ಎಂಟು ಹತ್ತು ಸಲ, ಇಳಿಯುವಾಗ ಮೆಲ್ಲಗೆ. ಬೆಂಗಳೂರಿನಲ್ಲಿದ್ದಾಗ ಜಿ.ಕೆ.ವಿ.ಕೆ. ಕೃಷಿ ವಿಶ್ವವಿದ್ಯಾಲಯದ ಮಣ್ಣುದಾರಿಯಾದರೂ ಸರಿ, ಡಾಂಬರು ಬೇಡ.

ಸ್ಪೈಕಿನ ಮೊಳೆ ಒಂದೇ ಅಳತೆಯದನ್ನು ಒಯ್ಯಬೇಡ. ಒಣ ಗಟ್ಟಿ ನೆಲಕ್ಕೆ 6 ಅಥವಾ 9 ಮಿಲಿಮೀಟರ್, ಒದ್ದೆ ಹುಲ್ಲಿಗೆ 12, ಕೆಸರಿಗೆ 15. ಹಿಂದಿನ ದಿನ ಕೋರ್ಸಿನಲ್ಲಿ ನಡೆದು ತಿರುವುಗಳಲ್ಲಿ ಹಿಮ್ಮಡಿಯಿಂದ ನೆಲ ಒತ್ತಿ ನೋಡು, ಆಮೇಲೆ ತೀರ್ಮಾನ ಮಾಡು. ಗಟ್ಟಿ ನೆಲದಲ್ಲಿ ಉದ್ದ ಮೊಳೆ ಹಾಕಿದರೆ ಪಾದದಡಿ ಚುಚ್ಚುತ್ತದೆ, ಮೀನಖಂಡ ಹಿಡಿಯುತ್ತದೆ. ಓಟವಾದ ಮೇಲೆ ಮೊಳೆ ಬಿಚ್ಚಿ, ಕೆಸರು ತೊಳೆದು, ತಿರುಪಿಗೆ ಒಂದು ತೊಟ್ಟು ಎಣ್ಣೆ ಬಿಡು. ಇಲ್ಲದಿದ್ದರೆ ತುಕ್ಕು ಹಿಡಿದು ಅಲ್ಲೇ ಕಚ್ಚಿಕೊಳ್ಳುತ್ತದೆ.

ನಿನಗೆ ಹೇಳಬಾರದ ಮಾತೇನೂ ಅಲ್ಲ: ನಮ್ಮ ತಲೆಮಾರಿನ ಹುಡುಗಿಯರಿಗೆ ಹಿಂದೆ ಬೀಳುವ ಅವಕಾಶವೂ ಇರಲಿಲ್ಲ. 1972ರ ಒಲಿಂಪಿಕ್ಸಿನಲ್ಲಿ ಹೆಂಗಸರಿಗೆ 1500 ಮೀಟರೇ ಅತಿ ದೊಡ್ಡ ಓಟ. ಮರುವರ್ಷ ಬೆಲ್ಜಿಯಮ್ಮಿನ ವಾರೆಗೆಮ್‌ನಲ್ಲಿ ಮೊದಲ ವಿಶ್ವ ಕ್ರಾಸ್ ಕಂಟ್ರಿ ನಡೆದಾಗ ಗಂಡಸರಿಗೆ ಸುಮಾರು 12 ಕಿಲೋಮೀಟರ್, ಹೆಂಗಸರಿಗೆ ನಾಲ್ಕು. ಹಿರಿಯರ ವಿಭಾಗದಲ್ಲಿ ಇಬ್ಬರಿಗೂ 10 ಅಂತ ಸಮ ಮಾಡಲು 2017 ಬರಬೇಕಾಯಿತು. ನಿಮ್ಮ ವಿಭಾಗದಲ್ಲಿ ಹುಡುಗರಿಗೆ ಈಗಲೂ 8, ನಿಮಗೆ 6. ಇಲ್ಲಿ ಶಾಲೆಗಳಲ್ಲಿ "ಹುಡುಗಿಯರಿಗೆ 800 ಸಾಕು" ಅನ್ನುತ್ತಿದ್ದರು, ನಾವೂ ಸಾಕು ಅಂದುಕೊಂಡೆವು. ಆ ಬೇಸರ ಇನ್ನೂ ಹೋಗಿಲ್ಲ, ಏನೋ ಬರೆಯಲು ಹೋಗಿ ಏನೋ ಬರೆದೆ.

ಮತ್ತೆ ಅದೇ ಸಾಲು ಕಣ್ಣಮುಂದೆ ಬರುತ್ತಿದೆ. ಕೊನೆಯ ಕಿಲೋಮೀಟರಿನಲ್ಲಿ ಹಿಂದೆ ಯಾರಿದ್ದಾರೆ ಅಂತ ತಿರುಗಿ ನೋಡುವ ಅಭ್ಯಾಸ ನಿನಗಿದೆ, ಅದನ್ನು ಬಿಡು. ಮುಂದಿನವಳ ಬೆನ್ನಿನ ನಂಬರ್ ಹಿಡಿದುಕೋ, ದಾಟಿದರೆ ಇನ್ನೊಂದು. ಗೆರೆ ದಾಟುವವರೆಗೆ ಯಾರೂ ನಿನ್ನನ್ನು ಹಿಡಿದೆತ್ತಬಾರದು. 2023ರಲ್ಲಿ ಆಸ್ಟ್ರೇಲಿಯಾದ ಬಾಥರ್ಸ್ಟ್‌ನಲ್ಲಿ ಇಥಿಯೋಪಿಯದ ಲೆಟೆಸೆನ್‌ಬೆಟ್ ಗಿಡೆ ಮುಂದಿದ್ದವಳು ಕೆಲವೇ ಮೀಟರ್ ಇರುವಾಗ ಕುಸಿದಳು, ಕೀನ್ಯಾದ ಬಿಯಾಟ್ರಿಸ್ ಚೆಬೆಟ್ ದಾಟಿ ಗೆದ್ದಳು. ಗಿಡೆಯನ್ನು ಯಾರೋ ಎತ್ತಿ ನಿಲ್ಲಿಸಿದ್ದಕ್ಕೆ ಅವಳಿಗೆ ಸ್ಥಾನವೇ ಸಿಗಲಿಲ್ಲ. ತೆವಳಿಕೊಂಡಾದರೂ ನೀನೇ ದಾಟಿದರೆ ಸ್ಥಾನ ನಿನ್ನದು.

ಊಟದ ವಿಷಯ ಅಮ್ಮ ಹೇಳುತ್ತಾಳೆ, ನಾನು ಎರಡೇ ಮಾತು ಸೇರಿಸುತ್ತೇನೆ. ಓಟಕ್ಕೆ ಮೂರು ಗಂಟೆ ಮೊದಲು ತಿಂಡಿ ಮುಗಿದಿರಲಿ, ಹಾಲು, ತುಪ್ಪ, ಕಾಳು ಅವತ್ತು ಬೇಡ. ಹೊಟ್ಟೆಗೆ ಒಗ್ಗಿದ ಅವಲಕ್ಕಿ ಕಟ್ಟಿಕೊಂಡು ಹೋಗು. ಈಗಲೇ ರಕ್ತದಲ್ಲಿ ಹಿಮೋಗ್ಲೋಬಿನ್ ಜೊತೆ ಫೆರಿಟಿನ್, ಅಂದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ, ಕೂಡ ನೋಡಿಸು. ಓಡುವ ಹುಡುಗಿಯರಲ್ಲಿ ಮೊದಲು ಖಾಲಿಯಾಗುವುದು ಅದು, ಕಾಲು ಭಾರ ಅನ್ನಿಸುವುದಕ್ಕೆ ಎಷ್ಟೋ ಸಲ ಅದೇ ಕಾರಣ. ಮುಟ್ಟು ಮುಂದೂಡುವ ಮಾತ್ರೆಯನ್ನು ಮೊದಲ ಸಲ ಅಲ್ಲಿ ಪ್ರಯೋಗಿಸಬೇಡ. ನೆಗಡಿ ಮಾತ್ರೆ, ಲೇಹ್ಯ, ಯಾರೋ ಕೊಟ್ಟ ಪುಡಿ, ಯಾವುದನ್ನೂ ತಂಡದ ಡಾಕ್ಟರಿಗೆ ತೋರಿಸದೆ ಬಾಯಿಗೆ ಹಾಕಬೇಡ. ಸೋಮಲತೆ ಬಿದ್ದ ಔಷಧಿಯಲ್ಲಿ ಎಫೆಡ್ರಿನ್ ಇರುತ್ತದೆ, ಡೋಪಿಂಗ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ಅದು ಕೊನೆಯ ಸ್ಥಾನಕ್ಕಿಂತ ಕೆಟ್ಟದ್ದು.

ಆಯ್ಕೆಯ ಪಟ್ಟಿ ಬಂದ ದಿನವೇ ಬರೆ. ಹೆಸರಿರಲಿ ಇಲ್ಲದಿರಲಿ.

ಇತಿ,
ನಿನ್ನ ದೊಡ್ಡಮ್ಮ

ಮರೆತಿದ್ದೆ: ಬಿಚ್ಚಿದ ಮೊಳೆಗಳ ಡಬ್ಬಿ, ಬಿಬ್ಬಿಗೆ (ಅಂಗಿಯ ಮೇಲಿನ ನಂಬರ್ ಚೀಟಿಗೆ) ಹಾಕುವ ಎಂಟು ಪಿನ್ನು ಒಂದೇ ಚೀಲದಲ್ಲಿರಲಿ. ಶೂ ಮಾತ್ರ ವಿಮಾನದಲ್ಲಿ ನಿನ್ನ ಕೈಚೀಲದಲ್ಲೇ ಹೋಗಲಿ, ದೊಡ್ಡ ಸೂಟ್‌ಕೇಸು ಬೇರೆ ಊರಿಗೆ ಹೋದರೆ ಎರವಲು ಶೂನಲ್ಲಿ ಓಡಲಾಗುವುದಿಲ್ಲ. ಮೊಳೆ ತಿರುಗಿಸುವ ಕೀ ಎರಡು ತೆಗೆದುಕೋ. ಒಂದನ್ನು ಯಾರಾದರೂ ಕೇಳಿ ಇಸಿದುಕೊಂಡೇ ಇಸಿದುಕೊಳ್ಳುತ್ತಾರೆ, ವಾಪಸ್ ಬರುವುದಿಲ್ಲ.